ಸುಳ್ಯ ಪರದೇಶವಾದದ್ದು

೧೯೭೬ನೇ ಇಸವಿಯಲ್ಲಿ ಭಾರತ ದೇಶದ ತಲಾ ಹೂಡಿಕೆಯು ಮರಾಂಡಾ ಗಣರಾಜ್ಯದ ತಲಾ ಹೂಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ವರ್ಷಂಪ್ರತಿ ಅಳೆದು ವರದಿ ಮಾಡುವ ಹೊಣೆಯನ್ನು ಪುತ್ತೂರಿಗೆ ವಹಿಸಲಾಯಿತು. ಪುತ್ತೂರಿಗೇ ಏಕೆ ಎಂದು ಪುತ್ತೂರಿನವರು ಯಾರೂ ಕೇಳಲಿಲ್ಲ. ಬಂದ ಕಚೇರಿಯನ್ನು ಯಾಕೆ ಬಂದೆ ಎಂದು ಕೇಳುವ ಕ್ರಮ ಆ ಊರಿನಲ್ಲಿ ಇರಲಿಲ್ಲ.

ಕಚೇರಿಗೆ ಪೇಟೆಯ ದರ್ಬೆಯಲ್ಲಿ ಒಂದು ಟೈಲರ್ ಅಂಗಡಿಯ ಮಾಳಿಗೆ ಸಿಕ್ಕಿತು. ‘ತೌಲನಿಕ ರಾಷ್ಟ್ರೀಯ ಹೂಡಿಕೆ ಅಂದಾಜು ಉಪಕಚೇರಿ’ ಎಂಬ ಬೋರ್ಡು ಒಂದು ಗೋಡೆಯಲ್ಲಿ ಹಿಡಿಸದೆ ಮೂಲೆ ತಿರುಗಿ ಇನ್ನೊಂದು ಗೋಡೆಗೆ ಹೋಯಿತು. ಸುಳ್ಯದ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ‘ಅಂದಾಜು ಉಪಕಚೇರಿ’ ಎಂದಷ್ಟೇ ಕಾಣುತ್ತಿತ್ತು. ಅವರಿಗೆ ಅಷ್ಟೇ ಸಾಕಾಯಿತು.

ಅಲ್ಲಿಗೆ ಅಂಕಿಅಂಶ ನಿರೀಕ್ಷಕನಾಗಿ ಬಂದವನು ಅರಂತೋಡಿನ ಅಚ್ಚುತ. ಬಿ.ಎ. ಪಾಸಾಗಿ, ಸರಕಾರಿ ನೌಕರಿ ಸಿಕ್ಕಿ, ಸರಕಾರ ಹೇಳಿದ್ದರಲ್ಲಿ ಏನೋ ಒಂದು ಅರ್ಥ ಇದ್ದೇ ಇರುತ್ತದೆ ಎಂದು ಮನಸಾರೆ ನಂಬಿದ್ದ ಹುಡುಗ. ಅವನ ಮೇಲೆ ವಿಶೇಷಾಧಿಕಾರಿ ದುಗ್ಗಪ್ಪ ರೈಗಳು. ಕೆಳಗೆ ಜವಾನ ಚನಿಯಪ್ಪ. ಮೂವರೂ ಸೇರಿದ ಮೊದಲ ದಿನ ರೈಗಳು ಗೋಡೆಯ ಭೂಪಟದ ಮುಂದೆ ನಿಂತು ಮರಾಂಡಾವನ್ನು ಹುಡುಕಿದರು. ಅದು ಇರಬೇಕಾಗಿದ್ದ ಜಾಗಕ್ಕೆ ಸರಿಯಾಗಿ ಚನಿಯಪ್ಪ ಮೊಳೆ ಹೊಡೆದಿದ್ದ.

“ಸಣ್ಣ ದೇಶ,” ಎಂದರು ರೈಗಳು. “ಆದರೂ ನಮ್ಮ ಹಾಗೆಯೇ ಮುಂದುವರಿಯುತ್ತಾ ಉಂಟಂತೆ. ಯಾರು ಮುಂದೆ ಅಂತ ದಿಲ್ಲಿಗೆ ಗೊತ್ತಾಗ್ಬೇಕು.”

ಮರಾಂಡಾಕ್ಕೆ ಹೋಗಿ ಅಳೆದು ಬರಲು ವಿದೇಶಿ ವಿನಿಮಯ ಬೇಕೆಂದು ದಿಲ್ಲಿಗೆ ಬರೆದರು. ವಿನಿಮಯ ಇಲ್ಲ, ಸ್ಥಳೀಯವಾಗಿ ಲಭ್ಯವಿರುವ ಸಂಪನ್ಮೂಲಗಳನ್ನೇ ಬಳಸಿಕೊಳ್ಳತಕ್ಕದ್ದು ಎಂದು ಉತ್ತರ ಬಂತು. ರೈಗಳು ಆ ವಾಕ್ಯವನ್ನು ಎರಡು ವಾರ ಧ್ಯಾನಿಸಿ ಈ ಕೆಳಗಿನ ಪ್ರಕಟಣೆಯನ್ನು ಹೊರಡಿಸಿದರು:

“ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಸುಳ್ಯ ತಾಲೂಕನ್ನು ಲೆಕ್ಕದ ಉದ್ದೇಶಕ್ಕೆ ಮಾತ್ರ ಮರಾಂಡಾ ಗಣರಾಜ್ಯವೆಂದೂ, ಪುತ್ತೂರು ತಾಲೂಕನ್ನು ಭಾರತ ದೇಶವೆಂದೂ ಭಾವಿಸತಕ್ಕದ್ದು. ಸದರಿ ಭಾವನೆಯಿಂದ ಯಾರಿಗಾದರೂ ತೊಂದರೆಯಾದಲ್ಲಿ ಅದನ್ನು ಭಾವನಾತ್ಮಕ ತೊಂದರೆಯೆಂದು ಪರಿಗಣಿಸಲಾಗುವುದು.”

“ಸಾರ್,” ಎಂದ ಅಚ್ಚುತ, “ಸುಳ್ಯ ನನ್ನ ಊರು.”

“ಒಳ್ಳೇದೇ ಆಯಿತು. ಅಲ್ಲಿಯ ಭಾಷೆ ಬಲ್ಲವರೊಬ್ಬರು ನಮಗೆ ಬೇಕಿತ್ತು.”

ಸುಳ್ಯವು ಪರದೇಶವಾದ ಮೇಲೆ ಅಲ್ಲಿಗೆ ಹೋಗುವುದು ವಿದೇಶ ಪ್ರವಾಸವಾಯಿತು. ವಿದೇಶ ಪ್ರವಾಸಕ್ಕೆ ಬೇರೆ ಭತ್ಯೆ ಉಂಟು. ರೈಗಳು ಪ್ರತಿ ಬುಧವಾರ ಜೀಪಿನಲ್ಲಿ ಕಾವು ದಾಟಿ, ಕನಕಮಜಲಿನ ಹತ್ತಿರ ಗಡಿ ಬಂದಾಗ ಕೈಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಹೊರದೇಶದಲ್ಲಿ ಹೊರದೇಶದ ಸಮಯವನ್ನೇ ಪಾಲಿಸಬೇಕೆಂಬುದು ಅವರ ಶಿಸ್ತು. ಸುಳ್ಯ ಪೇಟೆಯ ಹೋಟೆಲಿನಲ್ಲಿ ಊಟದ ಹೊತ್ತೂ ಅಷ್ಟೇ ಬೇಗ ಆಗುತ್ತಿತ್ತು. ಕೋರಿ ರೊಟ್ಟಿ ತಿಂದು, ಮರಾಂಡಾದ ಜನ ಸ್ನೇಹಪರರು ಎಂದು ಟಿಪ್ಪಣಿ ಬರೆದು, ಸಂಜೆಗೆ ಸ್ವದೇಶಕ್ಕೆ ಮರಳುತ್ತಿದ್ದರು.

ಅಚ್ಚುತನಿಗೆ ಈ ಸಂಗತಿಯನ್ನು ಮನೆಯಲ್ಲಿ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಅವನ ತಾಯಿ ಪೂವಮ್ಮ ಕೈಯಲ್ಲಿ ಕೆಲಸವಿಲ್ಲದೆ ಮಾತು ಕೇಳುವ ಹೆಂಗಸಲ್ಲ. ಅವಳು ಭತ್ತ ಬೇಯಿಸುತ್ತಿದ್ದಳು. ಶನಿವಾರ ಬಂದ ಮಗ ಹಂಡೆಯ ಪಕ್ಕ ಕುಳಿತು, “ಅವ್ವ, ನೀನೀಗ ಮರಾಂಡಾದವಳು,” ಎಂದ.

“ಎಂತದ್ದು ಅದು?”

“ಒಂದು ದೇಶ. ನಾವೆಲ್ಲ ಅದರಲ್ಲಿ. ಲೆಕ್ಕದ ಉದ್ದೇಶಕ್ಕೆ ಮಾತ್ರ.”

“ಅಲ್ಲಿ ಅಕ್ಕಿ ಮಿಲ್ಲು ಉಂಟಾ?”

ಅಚ್ಚುತ ಗೊತ್ತಿಲ್ಲ ಎಂದ. ಪೂವಮ್ಮ ಹಂಡೆಯ ಕೆಳಗೆ ಇನ್ನೊಂದು ಕೊಳ್ಳಿ ದೂಡಿದಳು. ಅರಂತೋಡಿನಲ್ಲಿ ಆಗ ಮಿಲ್ಲು ಇರಲಿಲ್ಲ. ಭತ್ತ ಕುಟ್ಟಿಸಬೇಕಾದರೆ ಹೆಂಗಸರು ಮೂಟೆ ಹೊತ್ತು ಬಸ್ಸಿಗೆ ಕಾಯಬೇಕು. ಕಂಡಕ್ಟರು ಮೂಟೆಗೂ ಟಿಕೆಟು ಹರಿಯುತ್ತಿದ್ದ, ಜನ ಹೆಚ್ಚಿದ್ದರೆ ಮೂಟೆಯನ್ನು ಮಾತ್ರ ಹತ್ತಿಸಿಕೊಂಡು ಹೋಗಿಬಿಡುತ್ತಿದ್ದ. “ಮಿಲ್ಲಿಲ್ಲದ ದೇಶಕ್ಕೆ ನನ್ನನ್ನು ಸೇರಿಸಿದ್ದು ಯಾಕೆ ಮಗ? ಹೋಗಲಿ ಬಿಡು. ಮೆಣಸು ಮಾರಿದ ದುಡ್ಡು ಉಂಟು. ನಾನೇ ಒಂದು ಹಾಕುದು.”

ಹೀಗೆ ಮರಾಂಡಾದಲ್ಲಿ ಭಾರಿ ಹೂಡಿಕೆಯೊಂದು ನಿರ್ಧಾರವಾಯಿತು. ಅದನ್ನು ವರದಿ ಮಾಡಬೇಕಾದವನು ಅಲ್ಲೇ ಕುಳಿತು ಬೆಂದ ಭತ್ತದ ಹಬೆಗೆ ಕಣ್ಣೊರೆಸಿಕೊಳ್ಳುತ್ತಿದ್ದ.

ಮೊದಲ ಎರಡು ವರ್ಷಗಳ ವರದಿ ಭಾರತಕ್ಕೆ ಅನುಕೂಲವಾಗಿರಲಿಲ್ಲ. ಸುಳ್ಯದವರು ಬಾವಿ ತೋಡಿಸಿದರು, ರಬ್ಬರ್ ನೆಟ್ಟರು, ಪಂಪು ಕೂಡಿಸಿದರು. ಪುತ್ತೂರಿನವರು ಆ ಎರಡು ವರ್ಷ ಹೆಚ್ಚಾಗಿ ಮದುವೆ ಮಾಡಿಸಿದರು. ಮದುವೆ ಹೂಡಿಕೆಯೋ ಖರ್ಚೋ ಎಂದು ರೈಗಳು ದಿಲ್ಲಿಯನ್ನು ಕೇಳಿದರು. ಅದು ಅಳಿಯ ಎಂಥವನು ಎಂಬುದರ ಮೇಲೆ ಹೋಗುತ್ತದೆ, ಆದ್ದರಿಂದ ನಿಯಮ ಮಾಡಲಾಗುವುದಿಲ್ಲ ಎಂದು ದಿಲ್ಲಿ ಹೇಳಿತು. ಮೂರನೆಯ ವರ್ಷ ತಂತಿ ಬಂತು: “ಸಣ್ಣ ದೇಶದೆದುರು ಭಾರತ ಹಿಂದೆ ಬಿದ್ದಿರುವುದು ಖೇದಕರ. ಸರಿಪಡಿಸದಿದ್ದಲ್ಲಿ ಉಪಕಚೇರಿಯ ಅಗತ್ಯವನ್ನೇ ಮರುಪರಿಶೀಲಿಸಲಾಗುವುದು.”

ರೈಗಳಿಗೆ ಊಟ ಸೇರಲಿಲ್ಲ. ಬುಧವಾರ ಬಂದರೂ ಗಡಿಯಾರ ಮುಂದೆ ಹೋಗಲಿಲ್ಲ. ಅಂಥ ಹೊತ್ತಿನಲ್ಲಿ ಮಂಗಳೂರಿನಿಂದ ಪೂವಮ್ಮನ ಮಿಲ್ಲಿನ ಯಂತ್ರ ಹೊತ್ತ ಲಾರಿ ದರ್ಬೆಗೆ ಬಂದು, ಡ್ರೈವರು ಚಾ ಕುಡಿಯಲು ಇಳಿದ. ಅಚ್ಚುತ ಮಾಳಿಗೆಯಿಂದ ಲಾರಿ ಕಂಡು ಸಂತೋಷದಿಂದ, “ಸಾರ್, ನಮ್ಮ ಅವ್ವನ ಮಿಲ್ಲು ಬಂತು,” ಎಂದುಬಿಟ್ಟ. ಆ ಮಾತನ್ನು ಅವನು ಮುಂದೆ ಎಷ್ಟೋ ಸಲ ನುಂಗಿಕೊಳ್ಳಲು ನೋಡಿದನು.

ರೈಗಳು ಕಿಟಕಿಯ ಹತ್ತಿರ ಬಂದರು. ಟರ್ಪಾಲಿನ ಕೆಳಗೆ ಡೀಸೆಲ್ ಎಂಜಿನಿನ ಹಸಿರು ಬಣ್ಣ ಹೊಳೆಯುತ್ತಿತ್ತು.

“ಅಚ್ಚುತ, ನೀವು ಯಾವ ದೇಶದ ನೌಕರ?”

“ಭಾರತದ್ದು ಸಾರ್.”

“ನಿಮ್ಮ ತಾಯಿ?”

“ಮರಾಂಡಾ. ಆದರೆ ಅದು ಲೆಕ್ಕದ ಉದ್ದೇಶಕ್ಕೆ ಮಾತ್ರ ಅಲ್ವಾ ಸಾರ್?”

“ಮತ್ತೆ ನಾವಿಲ್ಲಿ ಮಾಡುದು ಎಂತ ಮಾರಾಯ್ರೆ? ಲೆಕ್ಕವೇ ಅಲ್ವಾ?”

ಯಂತ್ರ ಮಾರ್ಚ್ ಮುಗಿಯುವವರೆಗೆ ಭಾರತದಲ್ಲಿಯೇ ಇರತಕ್ಕದ್ದು, ಏಪ್ರಿಲ್ ಒಂದಕ್ಕೆ ಅದನ್ನು ಗೌರವಪೂರ್ವಕ ರಫ್ತು ಮಾಡಲಾಗುವುದು ಎಂದು ರೈಗಳು ಬರೆದು ಸಹಿ ಹಾಕಿದರು. ಪೆಟ್ಟಿಗೆಯೊಳಗೆ ಇರುವ ಯಂತ್ರ ಬರೀ ಉದ್ದೇಶ, ಓಡುವ ಯಂತ್ರ ಮಾತ್ರ ಹೂಡಿಕೆ ಎಂದು ನಿಯಮವಿದ್ದುದರಿಂದ ಅದನ್ನು ಎಲ್ಲಾದರೂ ಕೂಡಿಸಿ ಓಡಿಸಬೇಕಾಯಿತು. ಪುತ್ತೂರು ತಾಲೂಕಿನ ಕುಂಬ್ರದ ಪಕ್ಕದ ಕೆದಂಬಾಡಿಯಲ್ಲಿ ಅಮ್ಮು ಶೆಡ್ತಿ ಎಂಬ ಹಿರಿಯ ಹೆಂಗಸಿನ ಮನೆಯೆದುರು ಖಾಲಿ ಬಿದ್ದ ಒಂದು ಕೊಟ್ಟಿಗೆ ಇತ್ತು. ಯಂತ್ರ ಅಲ್ಲಿ ಕೂತಿತು. ಮೊದಲ ದಿನ ಎಂಜಿನು ಡಗಡಗ ಎಂದದ್ದೇ ತಡ, ಕೆದಂಬಾಡಿಯವರೆಲ್ಲ ಮನೆಯಲ್ಲಿದ್ದ ಭತ್ತ ಹೊತ್ತು ತಂದರು. ಸರಕಾರ ತಮಗೊಂದು ಮಿಲ್ಲು ಕೊಟ್ಟಿದೆ, ಅದೂ ಕೇಳದೆ ಕೊಟ್ಟಿದೆ ಎಂದು ಅಮ್ಮು ಶೆಡ್ತಿ ಕಣ್ಣಲ್ಲಿ ನೀರು ತಂದುಕೊಂಡಳು.

ಮೂರನೆಯ ದಿನ ಪೂವಮ್ಮ ಬಂದಳು. ಬಸ್ಸಿನಿಂದ ಇಳಿದವಳು ಶಬ್ದದ ಜಾಡು ಹಿಡಿದು ನೆಟ್ಟಗೆ ಕೊಟ್ಟಿಗೆಗೆ ನಡೆದಳು. ಯಂತ್ರದ ಬಾಯಿಗೆ ಅಮ್ಮು ಶೆಡ್ತಿ ಭತ್ತ ಸುರಿಯುತ್ತಿದ್ದಳು. ರೈಗಳು ಕುರ್ಚಿ ಹಾಕಿಸಿಕೊಂಡು ರಾಷ್ಟ್ರದ ಪ್ರಗತಿಯನ್ನು ನೋಡುತ್ತಿದ್ದರು. ಅಚ್ಚುತ ಬೆಲ್ಟಿನ ಹಿಂದೆ ಅಡಗಲು ಜಾಗ ಹುಡುಕಿದ.

“ಇದು ನನ್ನದು,” ಎಂದಳು ಪೂವಮ್ಮ.

ರೈಗಳು ಎದ್ದು ನಿಂತು ಕೈಮುಗಿದರು. “ಬನ್ನಿ ಪೂವಮ್ಮನವರೇ. ಭಾರತಕ್ಕೆ ಸ್ವಾಗತ. ಯಂತ್ರ ನಿಮ್ಮದೇ. ಹೂಡಿಕೆ ಮಾತ್ರ ನಮ್ಮದು.”

“ದುಡ್ಡು ಕೊಟ್ಟದ್ದು ನಾನು.”

“ಅದಕ್ಕೇ ನಾವು ನಿಮ್ಮನ್ನು ವಿದೇಶಿ ಹೂಡಿಕೆದಾರರು ಅಂತ ಗೌರವಿಸುದು. ನಿಮಗೊಂದು ಶಾಲು ಹೊದಿಸುವ ಪ್ರಸ್ತಾಪವೂ ಉಂಟು.”

ಪೂವಮ್ಮ ಮಗನ ಕಡೆ ತಿರುಗಿದಳು. “ಅಚ್ಚುತ, ನೀ ಎಂತ ಹೇಳ್ತಿ?”

ಅಚ್ಚುತ ತನ್ನ ಚಪ್ಪಲಿ ನೋಡಿಕೊಂಡ. “ಏಪ್ರಿಲ್ ಒಂದಕ್ಕೆ ನಾನೇ ಲಾರಿಯಲ್ಲಿ ತಂದು ಬಿಡ್ತೇನೆ ಅವ್ವ,” ಎಂದ. ತಾಯಿ ಬೈದಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನಿಸಿತು. ಅವಳು ಯಂತ್ರದಿಂದ ಬೀಳುತ್ತಿದ್ದ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಿ, “ತುಂಡಾಗ್ತಾ ಉಂಟು. ಭತ್ತ ಸರಿಯಾಗಿ ಒಣಗ್ಲಿಲ್ಲ ಅಕ್ಕ,” ಎಂದಳು. ಅಮ್ಮು ಶೆಡ್ತಿಗೆ ತನ್ನ ಭತ್ತದ ಮೇಲೆ ಬಂದ ಈ ಮಾತು ತಾಗಿತು. ಇಬ್ಬರೂ ಅರ್ಧ ದಿನ ವಾದ ಮಾಡಿದರು. ಕೊನೆಗೆ ಒಟ್ಟಿಗೆ ಊಟ ಮಾಡಿದರು. ಎರಡು ದೇಶಗಳ ನಡುವೆ ನಡೆದ ಮೊದಲ ಮಾತುಕತೆ ಅದೇ. ಅದು ಯಾವ ವರದಿಯಲ್ಲಿಯೂ ಇಲ್ಲ.

ಆ ಮಾರ್ಚ್‌ನಲ್ಲಿ ಭಾರತ ಮರಾಂಡಾವನ್ನು ಹಿಂದೆ ಹಾಕಿತು. ಅಂತರ ಒಂದೇ ಒಂದು ಅಕ್ಕಿ ಮಿಲ್ಲು. ಏಪ್ರಿಲಿನಲ್ಲಿ ಅಚ್ಚುತ ಹೇಳಿದ ಹಾಗೆ ಯಂತ್ರವನ್ನು ಅರಂತೋಡಿಗೆ ಒಯ್ದು ಕೂಡಿಸಿದ. ಆಗ ರೈಗಳಿಗೆ ಒಂದು ಮಹತ್ತರ ಸತ್ಯ ಗೋಚರಿಸಿತು. ಯಂತ್ರ ಮರಾಂಡಾಕ್ಕೆ ಹೋದರೆ ಅಲ್ಲಿ ಅದು ಹೊಸ ಹೂಡಿಕೆ. ಮುಂದಿನ ಮಾರ್ಚ್‌ನಲ್ಲಿ ವಾಪಸು ಬಂದರೆ ಇಲ್ಲಿ ಅದು ಪುನಃ ಹೊಸ ಹೂಡಿಕೆ. ಹೋದದ್ದನ್ನು ಕಳೆಯಬೇಕೆಂದು ನಮೂನೆಯಲ್ಲಿ ಎಲ್ಲಿಯೂ ಅಂಕಣವಿಲ್ಲ.

“ಆದರೆ ಯಂತ್ರ ಒಂದೇ ಅಲ್ವಾ ಸಾರ್?” ಎಂದ ಅಚ್ಚುತ.

“ನೀವು ಯಂತ್ರವನ್ನು ನೋಡ್ತೀರಿ. ದೇಶಗಳು ಪ್ರಗತಿಯನ್ನು ನೋಡ್ತವೆ.”

ಅಂದಿನಿಂದ ಪ್ರತಿ ಮಾರ್ಚ್ ಲಾರಿ ಅರಂತೋಡಿಗೆ ಬರುವುದು, ಯಂತ್ರ ಬಿಚ್ಚುವುದು, ಕೆದಂಬಾಡಿಯಲ್ಲಿ ಕೂಡಿಸುವುದು, ಏಪ್ರಿಲಿನಲ್ಲಿ ಮರಳಿಸುವುದು ಎಂದಾಯಿತು. ಎರಡೂ ದೇಶಗಳಲ್ಲಿ ವರ್ಷಕ್ಕೊಂದು ಮಿಲ್ಲು ಹುಟ್ಟತೊಡಗಿತು. ರೈಗಳು ಬಿಡಿಸಿದ ನಕ್ಷೆಯಲ್ಲಿ ಎರಡು ಗೆರೆಗಳು ಮೆಟ್ಟಿಲು ಹತ್ತುವ ಗಂಡಹೆಂಡಿರಂತೆ ಒಟ್ಟೊಟ್ಟಿಗೆ ಮೇಲೆ ಹೋದವು. ಭಾರತ ಮಾತ್ರ ಒಂದು ಮೆಟ್ಟಿಲು ಮುಂದೆ. ದಿಲ್ಲಿ ಸಂತುಷ್ಟವಾಗಿ ಕಚೇರಿಗೆ ಗೋದ್ರೆಜ್ ಕಪಾಟು ಮಂಜೂರು ಮಾಡಿತು. ಅದೂ ಭಾರತದ ಹೂಡಿಕೆಗೆ ಸೇರಿತು.

ಬಿಚ್ಚಿ ಕೂಡಿಸಿ ಬಿಚ್ಚಿ ಕೂಡಿಸಿ ಯಂತ್ರದ ನಟ್ಟುಗಳು ಸವೆದವು. ಮಾರ್ಚ್‌ನಲ್ಲಿ ಅರಂತೋಡಿನ ಹೆಂಗಸರು ಪುನಃ ಮೂಟೆ ಹೊತ್ತು ಬಸ್ಸಿಗೆ ಕಾದರು, ಹೋಗುವಾಗ ಪೂವಮ್ಮನ ಅಂಗಳಕ್ಕೆ ಬಂದು, “ನಿಮ್ಮ ಮಗನ ಸರಕಾರ ಎಂತ ಹೇಳ್ತದೆ?” ಎಂದು ಕೇಳಿಯೇ ಹೋಗುತ್ತಿದ್ದರು. ಅಚ್ಚುತ ಮನೆಗೆ ಬಂದರೆ ಪೂವಮ್ಮ ಚಾಪೆ ಹಾಕಿ ಎಲೆ ಇಟ್ಟು ಬಡಿಸುವಳು. ಬಂಗುಡೆ ಮಾತ್ರ ಬಡಿಸುತ್ತಿರಲಿಲ್ಲ. “ಹೊರದೇಶದಿಂದ ಬಂದವರಿಗೆ ನಮ್ಮ ಮೀನು ಆಗ್ಲಿಕ್ಕಿಲ್ಲ,” ಎನ್ನುವಳು. ಒಲೆಯ ಮೇಲೆ ಸಾರು ಕುದಿಯುವ ಪರಿಮಳ ಬರುತ್ತಲೇ ಇರುತ್ತಿತ್ತು. ಅಚ್ಚುತ ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದ. ಕೆಲಸ ಬಿಡಬೇಕೆಂದು ಅವನಿಗೆ ಬಸ್ಸಿನಲ್ಲಿ ಅನಿಸುವುದು. ಬಸ್ಸು ಇಳಿದ ಮೇಲೆ ಪೆನ್ಶನ್ ನೆನಪಾಗುವುದು.

೧೯೮೩ರಲ್ಲಿ ಮರಾಂಡಾದಲ್ಲಿ ಸೇನೆ ಅಧಿಕಾರ ಹಿಡಿಯಿತೆಂದು ಆಕಾಶವಾಣಿ ವಾರ್ತೆ ಬಂತು. ಹದಿನೈದು ದಿನಗಳೊಳಗೆ ದಿಲ್ಲಿಯಿಂದ ಸುತ್ತೋಲೆಯೂ ಬಂತು: “ತುಲನೆಯ ನಿಖರತೆಗಾಗಿ ಸದರಿ ಬದಲಾವಣೆಯನ್ನು ಪ್ರತಿನಿಧಿ ಪ್ರದೇಶದಲ್ಲಿಯೂ ಜಾರಿಗೆ ತರತಕ್ಕದ್ದು. ರಕ್ತಪಾತ ಐಚ್ಛಿಕ.”

ರೈಗಳು ಅಚ್ಚುತನನ್ನು ಕರೆದು, ನಿಮ್ಮಲ್ಲಿ ಸೇನೆ ಉಂಟಾ ಎಂದು ಕೇಳಿದರು. ಅರಂತೋಡಿನಲ್ಲಿ ಹವಾಲ್ದಾರ್ ದೇರಣ್ಣ ಇದ್ದರು. ಸೇನೆಯಿಂದ ನಿವೃತ್ತರಾಗಿ ಬಂದು ರಸ್ತೆ ಬದಿಯಲ್ಲಿ ಕೊಡೆ, ಹಗ್ಗ, ಸೀಮೆಎಣ್ಣೆ ದೀಪ ಮಾರುವ ಅಂಗಡಿ ಇಟ್ಟಿದ್ದರು. ಇಬ್ಬರೂ ಜೀಪಿನಲ್ಲಿ ಹೋಗಿ ವಿಷಯ ತಿಳಿಸಿದಾಗ ದೇರಣ್ಣ ಒಬ್ಬರಿಗೆ ಹಗ್ಗ ಅಳೆದು ಕೊಡುತ್ತಿದ್ದರು.

“ಅಧಿಕಾರ ಹಿಡಿಯುದು ಅಂದರೆ ನಾನು ಎಂತ ಮಾಡ್ಬೇಕು?”

“ಇಲ್ಲೊಂದು ಸಹಿ. ಎರಡು ಪ್ರತಿಯಲ್ಲಿ,” ಎಂದರು ರೈಗಳು.

ದೇರಣ್ಣ ಕನ್ನಡಕ ಹಾಕಿ ಓದಿದರು. “ಅಂಗಡಿ ಮುಚ್ಚಬೇಕಾ?”

“ಬೇಡ ಬೇಡ. ಅಧಿಕಾರ ಲೆಕ್ಕದ ಉದ್ದೇಶಕ್ಕೆ ಮಾತ್ರ.”

“ಆಜ್ಞೆ ಹೊರಡಿಸಬಹುದಾ?”

ರೈಗಳು ಉದಾರವಾಗಿ ನಕ್ಕರು. “ಧಾರಾಳ. ಅಧ್ಯಕ್ಷರು ಅಂದ ಮೇಲೆ ಆಜ್ಞೆ ಇಲ್ಲದೆ ಆಗ್ತದಾ?”

ದೇರಣ್ಣ ಸಹಿ ಹಾಕಿ, ಸರ್ವಾಧಿಕಾರಿಯಾಗಿ, ಹಗ್ಗದ ದುಡ್ಡು ತೆಗೆದುಕೊಂಡರು. ಜೀಪು ತಿರುಗುವ ಮೊದಲೇ ಪೂವಮ್ಮ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ತುಂಬಿದ ಡಬ್ಬಿ ಹಿಡಿದು ಅಂಗಡಿಯ ಕಡೆ ಬರುವುದು ಅಚ್ಚುತನಿಗೆ ಕಂಡಿತು. ಅವನು ಅದನ್ನು ರೈಗಳಿಗೆ ಹೇಳಲಿಲ್ಲ. ನೌಕರಿಗೆ ಸೇರಿದ ಮೇಲೆ ಅವನು ಮೇಲಧಿಕಾರಿಗೆ ಹೇಳದೆ ಉಳಿಸಿಕೊಂಡ ಮೊದಲ ಸುದ್ದಿ ಅದು.

ಮುಂದಿನ ಮಾರ್ಚ್‌ನಲ್ಲಿ ಅಚ್ಚುತ ಎಂದಿನಂತೆ ಲಾರಿ ತೆಗೆದುಕೊಂಡು ಹೋದ. ಅರಂತೋಡಿನ ರಸ್ತೆಯ ನಡುವೆ ದೇರಣ್ಣ ಹಳೆಯ ಯೂನಿಫಾರಂ ಹಾಕಿ ನಿಂತಿದ್ದರು. ಹೊಟ್ಟೆಯ ಹತ್ತಿರ ಎರಡು ಬಟನ್ ಕೂಡಿರಲಿಲ್ಲ. ಆ ಜಾಗವನ್ನು ಬೆಲ್ಟಿನಿಂದ ಸರಿಪಡಿಸಿದ್ದರು. ಅವರ ಹಿಂದೆ ಊರಿನ ಹೆಂಗಸರು. ಎಲ್ಲರ ಮುಂದೆ ಪೂವಮ್ಮ.

“ಹಾಲ್ಟ್!” ಎಂದರು ದೇರಣ್ಣ.

ಲಾರಿ ನಿಂತಿತು. ಅಚ್ಚುತ ಇಳಿದ. “ಮಾವ, ನಾನು. ಮಿಲ್ಲು ಕೊಂಡು ಹೋಗ್ಲಿಕ್ಕೆ ಬಂದದ್ದು.”

“ಗೊತ್ತುಂಟು ಮಗ. ಆದರೆ ನಿನ್ನೆ ಆಜ್ಞೆ ಆಗಿದೆ. ಯಂತ್ರ ಇನ್ನು ದೇಶ ಬಿಟ್ಟು ಹೋಗುದಿಲ್ಲ.”

“ಯಾರ ಆಜ್ಞೆ?”

“ನನ್ನದೇ. ನಿಮ್ಮ ಸಾಹೇಬರೇ ಹೇಳಿದ್ದಲ್ವಾ ಧಾರಾಳ ಅಂತ?”

ಡ್ರೈವರು ಬೀಡಿ ಹಚ್ಚಿದ. ಅಚ್ಚುತ ಕೈಯಲ್ಲಿದ್ದ ಸುತ್ತೋಲೆಯನ್ನು ಮಡಚಿದ. ಅವನಿಗೆ ಸರಕಾರದ ಪರವಾಗಿ ಏನಾದರೂ ಹೇಳಬೇಕಿತ್ತು. ಹೇಳಲು ಬಾಯಿ ತೆರೆದರೆ ನಗು ಬಂತು. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಎಂಜಿನನ್ನು ಯಾರೋ ಇಳಿಸಿದ ಹಾಗಾಯಿತು. “ಆಯ್ತು ಮಾವ. ಮಿಲಿಟರಿ ಎದುರು ನಾನೊಬ್ಬ ಎಂತ ಮಾಡುದು?” ಎಂದ. ಆ ಮಧ್ಯಾಹ್ನ ಅವನ ಎಲೆಗೆ ಬಂಗುಡೆ ಬಂತು, ಎರಡು. ಲಾರಿ ಡ್ರೈವರಿಗೂ ಒಂದು ಬಂತು. ಲಾರಿ ಖಾಲಿ ಮರಳಿತು.

ಭಾರತಕ್ಕೆ ಇದು ತಡೆಯಲಾಗದ ನಷ್ಟ. ಅದಕ್ಕಿಂತ ಮೊದಲು ಕೆದಂಬಾಡಿಗೆ ತಾಗಿತು. ಪ್ರತಿ ಮಾರ್ಚ್ ಮಿಲ್ಲು ಬಂದೇ ಬರುತ್ತದೆಂದು ಅಲ್ಲಿಯವರು ಭತ್ತ ಬೇಯಿಸಿ ಒಣಗಿಸಿ ಇಟ್ಟಿದ್ದರು. ಅಮ್ಮು ಶೆಡ್ತಿ ಹೆಂಗಸರ ಪಡೆ ಕಟ್ಟಿಕೊಂಡು, ತಲೆಯ ಮೇಲೆ ಮೂಟೆ ಹೊತ್ತೇ ಕಚೇರಿಯ ಮಾಳಿಗೆ ಹತ್ತಿದಳು. ಮೂಟೆಗಳನ್ನು ರೈಗಳ ಮೇಜಿನ ಸುತ್ತ ಇಳಿಸಿದರು.

“ಮಿಲ್ಲು ಎಲ್ಲಿ ಸ್ವಾಮೀ?”

“ಪರದೇಶದ ಆಂತರಿಕ ವ್ಯವಹಾರ ಅಮ್ಮಾ. ನಾವು ಕೈ ಹಾಕುವ ಹಾಗಿಲ್ಲ.”

“ಹಾಗಾದರೆ ಇಲ್ಲಿಗೆ ಒಂದು ತರಿಸಿ.”

ಮಿಲ್ಲೊಂದನ್ನು ನಿಜವಾಗಿ ಖರೀದಿಸುವ ಉಪಾಯ ರೈಗಳಿಗೆ ಅದುವರೆಗೆ ಹೊಳೆದಿರಲಿಲ್ಲ. ಆದರೂ ಜನರ ಒತ್ತಾಯ ನೋಡಿ ದಿಲ್ಲಿಗೆ ಬರೆದರು. ದಿಲ್ಲಿ ಕೋಪಗೊಂಡಿತು: “ಹೂಡಿಕೆಯನ್ನು ಅಳೆಯುವ ಕಚೇರಿಯು ತಾನೇ ಹೂಡಿಕೆ ಮಾಡುವುದು ಅಳತೆಯ ಪಾವಿತ್ರ್ಯಕ್ಕೆ ಧಕ್ಕೆ. ಇಂಥ ಪ್ರಸ್ತಾಪ ಮರುಕಳಿಸಕೂಡದು.”

ರೈಗಳು ಈ ಉತ್ತರವನ್ನು ಓದಿ ಹೇಳಿದಾಗ ಅಮ್ಮು ಶೆಡ್ತಿ ಬೈರಾಸಿನಿಂದ ಮುಖ ಒರೆಸಿಕೊಂಡಳು. “ಮಿಲ್ಲು ಈಚೆ ಬರುದಿಲ್ಲ ಅಂತಾದರೆ ನಮ್ಮನ್ನೇ ಆಚೆಗೆ ಹಾಕಿ ಸ್ವಾಮೀ. ನಮಗೆ ಯಾವ ದೇಶ ಆದರೂ ಒಂದೇ, ಅಕ್ಕಿ ಆಗ್ಬೇಕು.”

ರೈಗಳು ನಗಲು ಹೊರಟವರು ನಿಲ್ಲಿಸಿದರು. ಪೆನ್ಸಿಲ್ ತೆಗೆದರು. ಕೆದಂಬಾಡಿ ಹೋದರೆ ಭಾರತದಲ್ಲಿ ತಲೆಗಳು ಕಡಿಮೆ. ತಲೆ ಕಡಿಮೆಯಾದರೆ ತಲಾ ಹೂಡಿಕೆ ಹೆಚ್ಚು. ಆಚೆಗೆ ತಲೆಗಳು ಸೇರಿದರೆ ಮರಾಂಡಾದ್ದು ಕಡಿಮೆ. ಒಂದೇ ಏಟಿಗೆ ಎರಡು ಕಡೆಯಿಂದಲೂ ಭಾರತಕ್ಕೆ ಲಾಭ! ಇಷ್ಟು ವರ್ಷ ಸುಮ್ಮನೆ ಲಾರಿಯ ಡೀಸೆಲ್ ಸುಟ್ಟೆನಲ್ಲ ಎಂದು ಅವರಿಗೆ ಬೇಸರವಾಯಿತು. ದೇಶವನ್ನು ಮುಂದೆ ತರಲು ಏನನ್ನೂ ತರಬೇಕಾಗಿಯೇ ಇರಲಿಲ್ಲ. ಜನರನ್ನು ಬಿಟ್ಟುಕೊಟ್ಟರೆ ಸಾಕಿತ್ತು.

ಕೆದಂಬಾಡಿ ಮರಾಂಡಾಕ್ಕೆ ಸೇರಿತು. ಸ್ವಾಗತಕ್ಕೆ ಬಂದ ದೇರಣ್ಣ ಊರಿಗೆ ಒಂದು ಸಲ್ಯೂಟ್ ಹೊಡೆದರು. ಪೂವಮ್ಮ ಮತ್ತು ಅಮ್ಮು ಶೆಡ್ತಿ ಪಾಲು ಹಾಕಿ ಅದೇ ಕೊಟ್ಟಿಗೆಯಲ್ಲಿ ಎರಡನೆಯ ಮಿಲ್ಲು ಕೂಡಿಸಿದರು. ಅದು ಆ ಹತ್ತು ವರ್ಷಗಳಲ್ಲಿ ಈ ಕಚೇರಿಯ ದೆಸೆಯಿಂದ ಎಲ್ಲಿಯಾದರೂ ನಡೆದ ಏಕೈಕ ಹೂಡಿಕೆ. ಪರದೇಶದ ಖಾಸಗಿ ವಿಷಯವೆಂದು ರೈಗಳು ಅದರ ಉದ್ಘಾಟನೆಗೆ ಹೋಗಿ ಪಾಯಸ ಕುಡಿದರೇ ಹೊರತು ಟಿಪ್ಪಣಿ ಬರೆಯಲಿಲ್ಲ.

ಸುದ್ದಿ ಪುತ್ತೂರು ತಾಲೂಕಿನ ಇನ್ನೊಂದು ಮೂಲೆಯ ಕಡಬಕ್ಕೆ ಹೋಯಿತು. ಅಲ್ಲಿಂದ ರಬ್ಬರ್ ಬೆಳೆಗಾರ ತ್ಯಾಂಪಣ್ಣ ಜೀಪು ತುಂಬ ಜನ ಹಾಕಿಕೊಂಡು ಬಂದ.

“ನಮ್ಮನ್ನೂ ಪರದೇಶ ಮಾಡಿ ಮಾರಾಯ್ರೆ.”

“ನಿಮಗೆ ಎಂತ ಕಷ್ಟ?” ಎಂದು ಅಚ್ಚುತ ಕೇಳಿದ.

“ರಸ್ತೆ ಇಲ್ಲ. ಭಾರತಕ್ಕೆ ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಇನ್ನೊಂದು ಸರಕಾರಕ್ಕೆ ಕೊಟ್ಟು ನೋಡುವ ಅಂತ.”

ರೈಗಳು ಕೂಡಲೇ ಒಪ್ಪಿದರು. ಒಂದು ಷರತ್ತು ಮಾತ್ರ. ಕಡಬದ ಜನ ಮರಾಂಡಾಕ್ಕೆ ಹೋಗಬಹುದು, ಅವರ ಜೀಪುಗಳು ಲೆಕ್ಕದಲ್ಲಿ ಭಾರತದಲ್ಲೇ ಉಳಿಯತಕ್ಕದ್ದು. ತ್ಯಾಂಪಣ್ಣ ಭಾರತದ ಜೀಪು ಹತ್ತಿ ಮರಾಂಡಾದವನಾಗಿ ಮನೆಗೆ ಹೋದ. ಅರ್ಜಿಯನ್ನು ದೇರಣ್ಣನವರಿಗೆ ಕೊಟ್ಟ. ದೇರಣ್ಣ ಅದನ್ನು ಹಗ್ಗದ ಸುರುಳಿಗಳ ಪಕ್ಕದಲ್ಲಿ ಭದ್ರವಾಗಿ ಇಟ್ಟರು. ಆಳ್ವಿಕೆ ಸರಿಯಾಗಿ ನಡೆಯುತ್ತಿದೆ ಎಂದು ಕಡಬದವರಿಗೆ ಸಮಾಧಾನವಾಯಿತು.

ಆಮೇಲೆ ಊರುಗಳು ಒಂದೊಂದಾಗಿ ಹೋದವು. ಕೊನೆಗೆ ಪುತ್ತೂರು ಪೇಟೆಯೂ ಹೋಯಿತು. ಕಚೇರಿಯ ಕೆಳಗಿನ ಟೈಲರ್ ಅಂಗಡಿ ಮರಾಂಡಾವಾಯಿತು. ರೈಗಳು ಅಂಗಿ ಹೊಲಿಸಲು ಇಳಿದರೆ ಭತ್ಯೆ ಬರೆದುಕೊಳ್ಳುತ್ತಿದ್ದರು. ಭಾರತವೆಂದರೆ ಈಗ ಮಾಳಿಗೆ ಮಾತ್ರ. ಅದರ ಆಸ್ತಿ ಫ್ಯಾನುಗಳು, ಟೆಲಿಫೋನು, ಗೋದ್ರೆಜ್ ಕಪಾಟು, ಸರಕಾರಿ ಜೀಪು ಮತ್ತು ಕಡಬದ ಅಷ್ಟೂ ಜೀಪುಗಳು. ಪ್ರಜೆಗಳು ಮೂವರು. ಅಷ್ಟು ತಲಾ ಹೂಡಿಕೆ ಯಾವ ದೊಡ್ಡ ದೇಶದಲ್ಲಿಯೂ ಇಲ್ಲವೆಂದು ದಿಲ್ಲಿಯಿಂದ ಪ್ರಶಂಸಾ ಪತ್ರ ಬಂತು.

ರೈಗಳಿಗೆ ರುಚಿ ಹತ್ತಿತ್ತು. ಒಂದು ಬೆಳಿಗ್ಗೆ ಅಚ್ಚುತನನ್ನು ನೋಡುತ್ತ, “ನೀವೊಬ್ಬರು ಕಡಿಮೆಯಾದರೆ ಎಷ್ಟಾಗ್ತದೆ ಗೊತ್ತುಂಟಾ?” ಎಂದರು. ಅಚ್ಚುತ ಗಾಬರಿಯಿಂದ ಎದ್ದು ನಿಂತ. “ಹೆದರಬೇಡಿ. ನಿಮ್ಮನ್ನು ಮರಾಂಡಾದ ಖಾಯಂ ಪ್ರತಿನಿಧಿಯಾಗಿ ಕಳಿಸುದು. ಸಂಬಳ ಬರ್ತದೆ. ಅಲ್ಲೇ ವಾಸ.”

“ಎಲ್ಲಿ ವಾಸ ಸಾರ್?”

“ನಿಮ್ಮ ಮನೆಯಲ್ಲಿ.”

ಅಚ್ಚುತ ಅಂದೇ ಸಾಮಾನು ಕಟ್ಟಿ ಬಸ್ಸು ಹತ್ತಿದ. ಪೂವಮ್ಮ ಅವನ ಪೆಟ್ಟಿಗೆಯನ್ನು ಒಳಗಿಟ್ಟಳು. ಮಿಲ್ಲಿನಲ್ಲಿ ಮೂಟೆ ಹಿಡಿಯಲು ಕೈ ಕಮ್ಮಿಯಿತ್ತು, ಕರೆದುಕೊಂಡು ಹೋದಳು. ಆರು ತಿಂಗಳ ನಂತರ ಚನಿಯಪ್ಪನಿಗೂ ಅದೇ ಆದೇಶವಾಯಿತು. ಒಂದು ವರ್ಷ ದುಗ್ಗಪ್ಪ ರೈಗಳು ಒಬ್ಬರೇ ಭಾರತವಾಗಿ, ಎಲ್ಲ ಫ್ಯಾನುಗಳ ಕೆಳಗೆ ಸರದಿಯಂತೆ ಕುಳಿತು ಪ್ರಗತಿಯನ್ನು ಅನುಭವಿಸಿದರು. ೧೯೮೬ರಲ್ಲಿ ಅವರಿಗೆ ವಯಸ್ಸಾಗಿ ನಿವೃತ್ತಿಯಾಯಿತು. ಬೀಗ ಹಾಕಿ, ಮೆಟ್ಟಿಲಿಳಿದು, ಮರಾಂಡಾದೊಳಗೆ ಸೇರಿಕೊಂಡರು.

ಆ ವರ್ಷದ ವರದಿಯನ್ನು ಅಚ್ಚುತನೇ ಬರೆಯಬೇಕಾಯಿತು. ಮಿಲ್ಲಿನ ಜಗಲಿಯಲ್ಲಿ ಕುಳಿತು ಭಾರತದ ಆಸ್ತಿಯನ್ನು ಮೇಲೆ ಬರೆದ. ಕೆಳಗೆ ಪ್ರಜೆಗಳ ಸಂಖ್ಯೆ ಸೊನ್ನೆ ಬಂತು. ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ ಎಂದು ಬಹಳ ಹೊತ್ತು ಯೋಚಿಸಿ, ‘ಭಾರತದ ತಲಾ ಹೂಡಿಕೆ: ಅನಂತ’ ಎಂದು ಬರೆದು ಅಂಚೆಗೆ ಹಾಕಿದ. ಬೈಗುಳ ಬರುತ್ತದೆಂದು ಕಾದ.

ಉತ್ತರ ಬಂದ ದಿನ ದೇರಣ್ಣನವರೂ ಭತ್ತ ತಂದಿದ್ದರು. ಎಂಜಿನಿನ ಸದ್ದಿನ ಮೇಲೆ ಅಚ್ಚುತ ಗಟ್ಟಿಯಾಗಿ ಓದಿದ: “ಸಾಧನೆ ತೃಪ್ತಿಕರವಾಗಿದೆ. ಮುಂದಿನ ಸಾಲಿನಲ್ಲಿ ಇದನ್ನು ಶೇಕಡಾ ಐದರಷ್ಟು ಹೆಚ್ಚಿಸತಕ್ಕದ್ದು.”

“ಐದಾ?” ಎಂದರು ದೇರಣ್ಣ. “ಅದೆಂತ ಹೆಚ್ಚಲ್ಲ ಮಾರಾಯ. ಆಗ್ತದೆ ಅಂತ ಬರಿ.”

“ಬರಿ ಮಗ. ಮೊದಲು ಈ ಮೂಟೆಗೆ ಒಂದು ಕೈ ಹಿಡಿ,” ಎಂದಳು ಪೂವಮ್ಮ.

ಅಚ್ಚುತ ಮೂಟೆಗೆ ಕೈ ಹಿಡಿದ. ಆಮೇಲೆ ಕೈಗೆ ಹತ್ತಿದ ತೌಡು ಒರೆಸಿಕೊಂಡು, ‘ಆಗುತ್ತದೆ’ ಎಂದು ಬರೆದ.